ಸ್ಫಟಿಕದ ಬೇಲಿ

ಸ್ಫಟಿಕದ ಹೂವು ನಮಗೆಲ್ಲ ಗೊತ್ತು. ನೇರಳೆ ಬಣ್ಣ. ಐದು ಎಸಳು. ವಾಸನೆ ಇಲ್ಲ, ಆದರೆ ನೋಡಲು ಬಲು ಚೆಂದ. ದೀಪಾವಳಿ, ಕಾರ್ತಿಕದ ಹೊತ್ತಿಗೆ ಗಿಡದ ತುಂಬ ಬಿಡುತ್ತದೆ. ಕೆಲವು ಕಡೆ ಇದನ್ನು ಗೋರಂಟೆ ಅಂತಾರೆ. ಕೈಗೆ ಹಚ್ಚುವ ಗೋರಂಟಿ ಬೇರೆ, ಇದು ಬೇರೆ. ಬಿಳಿ ಹೂವಿನ ಸ್ಫಟಿಕವೂ ಉಂಟು.

ಇದು ನಮ್ಮ ದೇಶದ್ದೇ ಗಿಡ. ಮೂರು ನಾಲ್ಕು ಅಡಿ ಬೆಳೆಯುತ್ತದೆ. ಸಾಲಾಗಿ ನೆಟ್ಟರೆ ಮನೆಗೆ ಬೇಲಿ ಆಯಿತು. ದೇವರಿಗೂ ಮುಡಿಗೂ ಹೂವು ಆಯಿತು.

ಎಷ್ಟು ಉಳಿಯುತ್ತದೆ?

ಒಂದು ಮೊಳ ಹೂವಿಗೆ 20 ರೂಪಾಯಿ ಎಂದುಕೊಳ್ಳೋಣ. ದಿನಕ್ಕೆ ಒಂದು ಮೊಳ ಕೊಂಡರೆ 30 ದಿನಕ್ಕೆ 600 ರೂಪಾಯಿ. ಕಾರ್ತಿಕದಲ್ಲಿ ಮನೆಯ ಹೂವೇ ಸಿಕ್ಕರೆ ಆ ಹಣ ನಮ್ಮ ಕೈಯಲ್ಲೇ ಉಳಿಯಿತು.

ನೆಡುವುದು ಹೇಗೆ?

ಸಸಿ ಕೊಳ್ಳಬೇಕಾಗಿಲ್ಲ. ನೆರೆಮನೆಯ ಗಿಡದಿಂದ ಕಡ್ಡಿ ಕೇಳಿ ತರೋಣ. ಜೂನ್, ಜುಲೈ ತಿಂಗಳು ಒಳ್ಳೆಯದು. ಕಡ್ಡಿ ಗೇಣುದ್ದ ಇರಲಿ. ತೀರ ಎಳೆಯದು ಬೇಡ, ತೀರ ಬಲಿತದ್ದೂ ಬೇಡ. ಕೆಳಗಿನ ಎಲೆ ಕೀಳಬೇಕು. ಎರಡು ಗಿಣ್ಣು ಮಣ್ಣಿನೊಳಗೆ ಹೋಗುವಂತೆ ನೆಡಬೇಕು. ಬೇರು ಬರುವುದು ಗಿಣ್ಣಿನಿಂದಲೇ.

ಒಂದೂವರೆ ಅಡಿಗೆ ಒಂದು ಗಿಡ ಇರಲಿ. ಗುಂಡಿಗೆ ಒಂದು ಹಿಡಿ ಕೊಟ್ಟಿಗೆ ಗೊಬ್ಬರ ಹಾಕೋಣ. ಆಡು, ಕೋಳಿ ಬಾರದಂತೆ ಸುತ್ತ ಮುಳ್ಳು ಇಡೋಣ. ಸುಮಾರು ಒಂದು ತಿಂಗಳಿಗೆ ಕಡ್ಡಿ ಚಿಗುರುತ್ತದೆ. ಕೆಲವು ಒಣಗಬಹುದು. ಅದಕ್ಕೇ ನಾಲ್ಕು ಕಡ್ಡಿ ಹೆಚ್ಚು ತಂದಿರಬೇಕು.

ನೀರು

ಬಚ್ಚಲ ನೀರು ಹಿತ್ತಲಲ್ಲಿ ನಿಂತರೆ ಸೊಳ್ಳೆ ಹೆಚ್ಚುತ್ತದೆ. ಸ್ನಾನದ ನೀರನ್ನು ಕಾಲುವೆ ಮಾಡಿ ಗಿಡಕ್ಕೆ ಬಿಡೋಣ. ಆದರೆ ಬುಡದಲ್ಲಿ ನೀರು ನಿಲ್ಲಬಾರದು. ನಿಂತರೆ ಬೇರು ಕೊಳೆಯುತ್ತದೆ. ಬಟ್ಟೆ ಒಗೆದ ಸೋಪಿನ ಪುಡಿ ನೀರು ಬೇಡ. ಬೇರೂರಿದ ಗಿಡಕ್ಕೆ ದಿನಾ ನೀರು ಬೇಕಿಲ್ಲ. ಮಣ್ಣು ಒಣಗಿದಾಗ ಹಾಕಿದರೆ ಸಾಕು.

ಕತ್ತರಿಸಲು ಹೆದರಬೇಡಿ

"ಅಯ್ಯೋ, ಹೂ ಬಿಡೋ ಗಿಡ ಕಡಿಯೋದಾ?" ಅಂತ ನಾವು ಅನ್ನುತ್ತೇವೆ. ಕಡಿಯದೆ ಬಿಟ್ಟರೆ ಏನಾಗುತ್ತದೆ? ಗಿಡ ಉದ್ದುದ್ದ ಬೆಳೆದು ಬುಡ ಬೋಳಾಗುತ್ತದೆ. ಹೂವು ಕಡಿಮೆಯಾಗುತ್ತದೆ. ಸ್ಫಟಿಕ ಹೂ ಬಿಡುವುದು ಹೊಸ ಚಿಗುರಿನಲ್ಲಿ. ಕತ್ತರಿಸಿದರೆ ತಾನೇ ಹೊಸ ಚಿಗುರು?

ಹೂವಿನ ಕಾಲ ಮುಗಿದ ಮೇಲೆ, ಫೆಬ್ರವರಿ ಹೊತ್ತಿಗೆ, ಒಂದೂವರೆ ಅಡಿ ಬಿಟ್ಟು ಮೇಲಿನದನ್ನು ಕತ್ತರಿಸಬೇಕು. ಜುಲೈವರೆಗೆ ಚಿಗುರಿನ ತುದಿ ಚಿವುಟಬಹುದು. ಆಗ ಕವಲು ಹೆಚ್ಚುತ್ತದೆ. ಆಮೇಲೆ ಕತ್ತರಿ ಮುಟ್ಟಿಸಬಾರದು. ಮುಟ್ಟಿಸಿದರೆ ಮೊಗ್ಗೇ ಹೋಯಿತು!

ರೋಗ ಬಂದರೆ

ಕೆಲವು ಸಲ ಚಿಗುರಿನಲ್ಲಿ ಬಿಳಿ ಹಿಟ್ಟಿನಂಥ ಹುಳು ಕೂರುತ್ತದೆ. ಹೆಚ್ಚು ಹಿಡಿದ ಕಡ್ಡಿ ಕತ್ತರಿಸಿ ಸುಡಬೇಕು. ಉಳಿದದ್ದಕ್ಕೆ, ಒಂದು ಲೀಟರ್ ನೀರಿಗೆ ಒಂದು ಚಿಕ್ಕ ಚಮಚ ಬೇವಿನೆಣ್ಣೆ, ಸ್ವಲ್ಪ ಸೋಪು ಕಲಸಿ ಸಂಜೆ ಚಿಮುಕಿಸಬೇಕು.

ಹೂವು ಬಿಡಿಸುವಾಗ

ಬಿಸಿಲೇರುವ ಮುಂಚೆ ಬಿಡಿಸೋಣ. ಬಿಸಿಲಿಗೆ ಹೂವು ಬೇಗ ಬಾಡುತ್ತದೆ. ಹೂವಿನ ಬುಡದ ಎಲೆಗಳ ಅಂಚು ಚುಚ್ಚುತ್ತದೆ, ಜೋಪಾನ. ಕೊನೆಗೆ ಕೆಲವು ಹೂವು ಗಿಡದಲ್ಲೇ ಇರಲಿ. ಅದು ಕಾಯಿ ಕಟ್ಟುತ್ತದೆ. ಕಾಯಿ ಒಣಗಿ ಸಿಡಿದು ಬೀಜ ಬೀಳುತ್ತದೆ. ಮಳೆ ಬಂದಾಗ ಅಲ್ಲೇ ಸಸಿ ಏಳುತ್ತದೆ.

ಫೆಬ್ರವರಿಯಲ್ಲಿ ಕತ್ತರಿಸಿದ್ದನ್ನು ಗೊಬ್ಬರದ ಗುಂಡಿಗೆ ಹಾಕೋಣ. ಮಳೆಗಾಲದಲ್ಲಿ ತುದಿ ಚಿವುಟುವ ಬದಲು ಗೇಣುದ್ದ ಕಡ್ಡಿ ಮುರಿದು, ಕೇಳಿದವರಿಗೆ ಕೊಡೋಣ. ಕೊಟ್ಟರೆ ನಮ್ಮ ಗಿಡಕ್ಕೇನೂ ನಷ್ಟವಿಲ್ಲ. ಕವಲೊಡೆದು ಇನ್ನೂ ಚೆನ್ನಾಗಿ ಹೂ ಬಿಡುತ್ತದೆ.

ಓದಿ

ಸ್ಫಟಿಕ – ಕಡ್ಡಿ – ಗಿಣ್ಣು – ಗೊಬ್ಬರ – ಬಚ್ಚಲು – ಮೊಗ್ಗು

ಉತ್ತರ ಬರೆಯಿರಿ

1. ಕಡ್ಡಿ ನೆಡಲು ಯಾವ ತಿಂಗಳು ಒಳ್ಳೆಯದು?
2. ಗಿಡವನ್ನು ಏಕೆ ಕತ್ತರಿಸಬೇಕು? ಯಾವಾಗ?
3. ನಿಮ್ಮೂರಲ್ಲಿ ಒಂದು ಮೊಳ ಹೂವಿಗೆ ಎಷ್ಟು ರೂಪಾಯಿ? 30 ದಿನಕ್ಕೆ ಎಷ್ಟಾಯಿತು? ಲೆಕ್ಕ ಮಾಡಿ.