ಎರಡು ದಿನದಲ್ಲಿ ಬಂದದ್ದು ಮರೆವಲ್ಲ

ಯಶವಂತಪುರ

ಪ್ರೀತಿಯ ಪುಟ್ಟಿ,

‘ಅತ್ತೆಗೆ ನೆಗಡಿ ದೊಡ್ಡಮ್ಮಾ, ಎರಡು ದಿನದಿಂದ ನನ್ನ ಗುರುತೂ ಹಿಡೀತಿಲ್ಲ, ಮರೆವು ಜಾಸ್ತಿ ಆಯ್ತು’ ಅಂದೆಯಲ್ಲ. ಇವತ್ತೇ ಡಾಕ್ಟರಿಗೆ ತೋರಿಸು ಅಂತ ಫೋನಿನಲ್ಲೇ ಹೇಳಿದೆ. ಯಾಕೆ ಅನ್ನುವುದಕ್ಕೆ ಈ ಪತ್ರ. ನಿನ್ನ ಹಾಗೆ ಹಿರಿಯರನ್ನು ನೋಡಿಕೊಳ್ಳುವ ಬೇರೆಯವರೂ ಓದಲಿ.

ನಿನ್ನ ದೊಡ್ಡಪ್ಪ ಇಲ್ಲಿನ ಯಾರ್ಡಿನ ಈರುಳ್ಳಿ ಮಂಡಿಯಲ್ಲಿ ಮೂವತ್ತು ವರ್ಷ ಲೆಕ್ಕ ಬರೆದವರು. ಆಲ್‌ಝೈಮರ್ಸ್ ಬಂದ ಮೇಲೂ ಕಾಫಿ ಲೋಟ ತಾವೇ ತೊಳೆದು ಬೋರಲು ಹಾಕುತ್ತಿದ್ದರು. ಒಂದು ರಾತ್ರಿ ಎರಡು ಗಂಟೆಗೆ ಎದ್ದು, ‘ಲಾರಿ ಬಂದಿದೆ, ತೂಕ ಹಾಕಿಸ್ಬೇಕು’ ಅಂತ ಬಾಗಿಲು ಬಡಿದರು. ಮಾರನೇ ದಿನ ಕೂತಲ್ಲೇ ತೂಕಡಿಕೆ. ಮೈ ಬಿಸಿ ಇರಲಿಲ್ಲ. ಕಾಯಿಲೆ ಬಲಿಯಿತು ಅಂದುಕೊಂಡು ಮೂರು ದಿನ ಸುಮ್ಮನಿದ್ದೆ. ನಾಲ್ಕನೇ ದಿನ ತಿಳಿಯಿತು, ಅದು ಫ್ಲೂ, ಶ್ವಾಸಕೋಶಕ್ಕೂ ಇಳಿದಿತ್ತು.

ನಮ್ಮ ಪಕ್ಕದ ಟಾಟಾ ಇನ್‌ಸ್ಟಿಟ್ಯೂಟಿನಲ್ಲಿರುವ ಮಿದುಳು ಸಂಶೋಧನಾ ಕೇಂದ್ರದವರು 2018ರಿಂದ ಕೋಲಾರ ಜಿಲ್ಲೆಯ ಶ್ರೀನಿವಾಸಪುರದ ಹಳ್ಳಿಗಳಲ್ಲಿ 45 ದಾಟಿದವರನ್ನು ಮತ್ತೆ ಮತ್ತೆ ಪರೀಕ್ಷಿಸುತ್ತಿದ್ದಾರೆ. ಮರೆವಿನ ಹೆಜ್ಜೆ ಕಾಣಲು ಅವರಿಗೇ ವರ್ಷಗಳು ಬೇಕು. ನಿನಗೆ ಎರಡೇ ದಿನದಲ್ಲಿ ಕಂಡಿತೆಂದರೆ ಅದು ಬೇರೆಯೇ ಏನೋ. ವೈದ್ಯರು ಅದಕ್ಕೆ ಡೆಲಿರಿಯಂ ಅನ್ನುತ್ತಾರೆ. ಬೆಳಿಗ್ಗೆ ಸರಿ, ಸಂಜೆಗೆ ಗೊಂದಲ. ಕೂಗಾಡಿದರೆ ಎಲ್ಲರೂ ಓಡಿ ಬರುತ್ತಾರೆ. ಮಂಕಾಗಿ ಮಲಗಿದರೆ ‘ಪಾಪ, ಸುಸ್ತು’ ಅಂತ ಬಿಟ್ಟುಬಿಡುತ್ತೇವೆ. ಕೋವಿಡ್ ಕಾಲದಲ್ಲಿ ಎಷ್ಟೋ ವೃದ್ಧರಲ್ಲಿ ಜ್ವರ, ಕೆಮ್ಮು ಇಲ್ಲದೆ ಈ ಗೊಂದಲವೊಂದೇ ಕಂಡಿತ್ತು.

ವೈರಸ್ ಮಿದುಳಿಗೇ ನುಗ್ಗಬೇಕೆಂದಿಲ್ಲ. ಅದರ ವಿರುದ್ಧ ಮೈಯಲ್ಲಿ ಏಳುವ ಉರಿಯೂತ, ನೀರಿನಂಶ ಇಳಿಯುವುದು, ನಿದ್ದೆಗೇಡು, ಇಷ್ಟೇ ಸಾಕು. ಏದುಸಿರು ಬಿಡುವ ಹಳೇ ಲಾರಿಗೆ ಇನ್ನೆರಡು ಮೂಟೆ ಎಸೆದ ಹಾಗೆ. ಮೂಟೆ ಇಳಿಸಿದರೆ ಮತ್ತೆ ಹೊರಡುತ್ತದೆ; ನಿಧಾನಕ್ಕೆ, ಕೆಲವು ಸಲ ಮೊದಲಿನಷ್ಟಲ್ಲ.

ಡಾಕ್ಟರ ಬಳಿ ಹೋಗುವಾಗ, ಮೊನ್ನೆಯವರೆಗೆ ಅತ್ತೆ ಏನೇನು ತಾವೇ ಮಾಡುತ್ತಿದ್ದರು ಅಂತ ಚೀಟಿ ಬರೆದುಕೊಂಡು ಹೋಗು. ಅದು ನಿನಗೆ ಮಾತ್ರ ಗೊತ್ತು. ನಿದ್ದೆ ಮಾತ್ರೆ ನೀನಾಗಿ ಕೊಡಬೇಡ. ಗಂಜಿ, ನೀರು ನೆಟ್ಟಗೆ ಕೂರಿಸಿ ಗುಟುಕು ಗುಟುಕಾಗಿ ಕುಡಿಸು. ಶ್ವಾಸಕೋಶಕ್ಕೆ ಜಾರಿದರೆ ನ್ಯುಮೋನಿಯಾ. ಕನ್ನಡಕ ಹಾಕು, ರಾತ್ರಿ ಸಣ್ಣ ದೀಪ ಉರಿಯಲಿ. ಪಾರ್ಕಿನ್ಸನ್ಸ್ ಇರುವ ನಿಮ್ಮ ಚಿಕ್ಕಮಾವನ ಮನೆಯಲ್ಲೂ ಹೇಳು: ಜ್ವರವೆಂದು ಮಾತ್ರೆಯ ಹೊತ್ತು ತಪ್ಪಿಸಬಾರದು, ವಾಂತಿಗೆ ಕೊಡುವ ಮೆಟೊಕ್ಲೋಪ್ರಮೈಡ್ ಬಿಗಿತ ಹೆಚ್ಚಿಸುತ್ತದೆ, ಡಾಕ್ಟರಿಗೆ ನೆನಪಿಸಲಿ.

ವರ್ಷಕ್ಕೊಮ್ಮೆ ಫ್ಲೂ ಲಸಿಕೆ ಅತ್ತೆಗಷ್ಟೇ ಅಲ್ಲ, ನಿಮಗೂ ಹಾಕಿಸಿ. ಮೆಟ್ರೋದಲ್ಲಿ ಓಡಾಡಿ ಸೋಂಕು ಮನೆಗೆ ತರುವವರು ನೀವೇ ತಾನೆ. ಸರ್ಪಸುತ್ತಿನ ಲಸಿಕೆ ಬಗ್ಗೆಯೂ ಕೇಳು. ವೇಲ್ಸ್‌ನಲ್ಲಿ ಅದನ್ನು ಹಾಕಿಸಿಕೊಂಡ ವೃದ್ಧರಲ್ಲಿ ಏಳು ವರ್ಷಗಳಲ್ಲಿ ಡಿಮೆನ್ಶಿಯಾ ಸುಮಾರು ಐದನೇ ಒಂದರಷ್ಟು ಕಡಿಮೆ ಕಂಡಿತೆಂದು 2025ರಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಬಂತು. ಈಗ ನಮ್ಮಲ್ಲಿ ಸಿಗುವುದು ಬೇರೆ ಬಗೆಯ ಲಸಿಕೆ, ಆದರೂ ಕೇಳುವುದು ಒಳ್ಳೆಯದು.

ಫ್ಲೂ ವಾಸಿಯಾಗಿ ಮೂರು ವಾರವಾದ ಮೇಲೆ ಒಂದು ಬೆಳಿಗ್ಗೆ ನಿನ್ನ ದೊಡ್ಡಪ್ಪ ತಾವೇ ಲೋಟ ತೊಳೆದಿಟ್ಟರು. ಬೋರಲು ಹಾಕುವುದು ಮಾತ್ರ ಮರೆತಿದ್ದರು.

ನಿನ್ನ,
ದೊಡ್ಡಮ್ಮ