ಜರಾಯು ಮತ್ತು ನೋವಿನ ಗುಳಿಗೆ: ಸೊನ್ನದಲ್ಲಿ ನಡೆಸಿದ ಒಂದು ಪಾಠ

ತರಗತಿ: 10
ಘಟಕ: ಜೀವಿಗಳು ಹೇಗೆ ಸಂತಾನೋತ್ಪತ್ತಿ ನಡೆಸುತ್ತವೆ?
ಅವಧಿ: 40 ನಿಮಿಷ

ಉದ್ದೇಶ: ಜರಾಯುವಿನ ಮೂಲಕ ಮಗುವಿಗೆ ಗ್ಲೂಕೋಸ್, ಆಮ್ಲಜನಕ ಸಾಗುತ್ತವೆ ಎಂದು ಓದಿದ ಮಕ್ಕಳು ಅದು ಒಳ್ಳೆಯದನ್ನಷ್ಟೇ ಬಿಡುವ ಜರಡಿ ಎಂದು ತಿಳಿಯುವುದು ಸಹಜ. ಆ ಕಲ್ಪನೆಯನ್ನು ತಿದ್ದಲು ನೋವಿನ ಗುಳಿಗೆಯನ್ನು ಉದಾಹರಣೆಯಾಗಿ ಆರಿಸಿಕೊಂಡೆ. ತೊಗರಿ, ಹತ್ತಿ ಹೊಲದಲ್ಲಿ ದುಡಿದವರಿಗೆ ಸೊಂಟನೋವು ತಪ್ಪಿದ್ದಲ್ಲ. ಅಂಗಡಿಯಿಂದ ಗುಳಿಗೆ ತರಲು ಓಡುವವರು ಮಕ್ಕಳೇ.

ವಿಷಯ ನಿರೂಪಣೆ: ಐಬುಪ್ರೊಫೆನ್, ಡೈಕ್ಲೋಫೆನಾಕ್ ಗುಳಿಗೆಗಳು ದೇಹದಲ್ಲಿ ಪ್ರೋಸ್ಟಗ್ಲಾಂಡಿನ್ ತಯಾರಾಗುವುದನ್ನು ತಗ್ಗಿಸಿ ನೋವು ಇಳಿಸುತ್ತವೆ. ಇವು ಜರಾಯುವನ್ನೂ ದಾಟುತ್ತವೆ. ಆದರೆ ಹೊಟ್ಟೆಯಲ್ಲಿರುವ ಮಗುವಿಗೆ ಪ್ರೋಸ್ಟಗ್ಲಾಂಡಿನ್ ಬೇಕು.

1. ಸುಮಾರು 20 ವಾರಗಳ ನಂತರ ಮಗುವಿನ ಸುತ್ತಲಿನ ದ್ರವದ ಹೆಚ್ಚಿನ ಪಾಲು ಮಗುವಿನ ಮೂತ್ರವೇ. ಈ ಗುಳಿಗೆಗಳಿಂದ ಮಗುವಿನ ಮೂತ್ರಪಿಂಡದ ಕೆಲಸ ಕುಗ್ಗಿ ದ್ರವ ಕಡಿಮೆಯಾಗಬಹುದು. ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ 2020ರ ಅಕ್ಟೋಬರ್‌ನಲ್ಲಿ ಈ ಎಚ್ಚರಿಕೆ ನೀಡಿತು.
2. ಮಗುವಿನ ಶ್ವಾಸಕೋಶ ಇನ್ನೂ ಉಸಿರಾಡುವುದಿಲ್ಲ. ಹಾಗಾಗಿ ಡಕ್ಟಸ್ ಆರ್ಟೀರಿಯೋಸಸ್ ಎಂಬ ನಾಳ ರಕ್ತವನ್ನು ನೇರವಾಗಿ ಮಹಾಧಮನಿಗೆ ಒಯ್ಯುತ್ತದೆ. ಕೊನೆಯ ತಿಂಗಳುಗಳಲ್ಲಿ ಈ ಗುಳಿಗೆ ನುಂಗಿದರೆ, ಹುಟ್ಟಿದ ಮೇಲೆ ಮುಚ್ಚಬೇಕಾದ ನಾಳ ಮೊದಲೇ ಕಿರಿದಾಗಬಹುದು.

ಚಟುವಟಿಕೆ: ಒಂದು ಗುಳಿಗೆ ಪಟ್ಟಿಯ ಮೇಲಿನ ವಿವರವನ್ನು ಕಪ್ಪುಹಲಗೆಯಲ್ಲಿ ಬರೆದೆ: ಐಬುಪ್ರೊಫೆನ್ 400 ಮಿ.ಗ್ರಾಂ., ಪ್ಯಾರಾಸಿಟಮಾಲ್ 325 ಮಿ.ಗ್ರಾಂ. "ಮೇಡಂ, ಇದರಾಗ ಪ್ಯಾರಾಸಿಟಮಾಲ್ ಅದಲ್ರೀ, ನಡೀತದಲ್ರಿ?" ಎಂದು ಒಬ್ಬ ಹುಡುಗಿ ಕೇಳಿದಳು. ಇಡೀ ಪಾಠದ ತಿರುಳು ಆ ಪ್ರಶ್ನೆಯಲ್ಲಿತ್ತು. ಹೆಸರು ಒಂದೇ ಆದರೂ ಒಳಗೆ ಎರಡು ಔಷಧ ಇರಬಹುದು, ಎರಡನ್ನೂ ಓದಬೇಕು.

ಎಚ್ಚರಿಕೆ: ಪಾಠ ಭಯ ಹುಟ್ಟಿಸಬಾರದು. ಬಸುರಿಯ ಜ್ವರವನ್ನು ಹಾಗೆಯೇ ಬಿಡುವುದೂ ಅಪಾಯ. ವೈದ್ಯರ ಸಲಹೆಯಂತೆ, ಅಗತ್ಯವಿದ್ದಷ್ಟೇ ಪ್ಯಾರಾಸಿಟಮಾಲ್ ಕೊಡುವುದು ರೂಢಿ. ವೈದ್ಯರೇ ಬರೆದ ಕಡಿಮೆ ಪ್ರಮಾಣದ ಆಸ್ಪಿರಿನ್ ಅನ್ನು ತಾವಾಗಿ ನಿಲ್ಲಿಸಬಾರದು. ಗೊತ್ತಿಲ್ಲದೆ ಒಂದು ಗುಳಿಗೆ ನುಂಗಿದ್ದರೆ ಗಾಬರಿಪಡದೆ ಆಶಾ ಕಾರ್ಯಕರ್ತೆಗೆ ಅಥವಾ ವೈದ್ಯರಿಗೆ ತಿಳಿಸಬೇಕು.

ಮೌಲ್ಯಮಾಪನ: "ಬಸುರಿ ಅತ್ತಿಗೆಗೆ ಗುಳಿಗೆ ತಾ ಎಂದರೆ ಏನು ಮಾಡುವಿರಿ?" ಬಹಳಷ್ಟು ಮಕ್ಕಳು "ಮೊದಲು ಆಶಾ ಅಕ್ಕನನ್ನು ಕೇಳುತ್ತೇವೆ" ಎಂದು ಬರೆದರು.

ಈ ಪಾಠ ಮಾಡುವ ಪ್ರಶಿಕ್ಷಣಾರ್ಥಿಗಳಿಗೆ ಒಂದು ಮಾತು: ಯಾರ ಮನೆಯಲ್ಲಿ ಬಸುರಿಯರಿದ್ದಾರೆ ಎಂದು ತರಗತಿಯಲ್ಲಿ ಕೇಳಬೇಡಿ. ಕಪ್ಪುಹಲಗೆಯ ಮೇಲಿನ ಉದಾಹರಣೆಯೇ ಸಾಕು.