ಮಗುವಿನ ಭಾಷಾ ಕಲಿಕೆ ಮತ್ತು ಸಾಮಾಜಿಕತೆ: ವಿಜಯಪುರ ಪರಿಸರದ ಒಂದು ಅವಲೋಕನ

ಪೀಠಿಕೆ

ಮಗು ಮೊದಲು ಮಾತು ಕಲಿಯುತ್ತದೆ, ಅನಂತರ ನಾಲ್ವರೊಡನೆ ಬೆರೆಯುವುದನ್ನು ಕಲಿಯುತ್ತದೆ ಎಂಬ ತಿಳಿವಳಿಕೆ ರೂಢಿಯಲ್ಲಿದೆ. ವಾಸ್ತವದಲ್ಲಿ ಇವು ಒಂದೇ ಕಲಿಕೆಯ ಎರಡು ಮುಖಗಳು. ವಿಜಯಪುರ ನಗರ ಹಾಗೂ ಹಿಂದೆ ವಿಜಯಪುರ ತಾಲ್ಲೂಕಿನಲ್ಲಿದ್ದು ಈಗ ಪ್ರತ್ಯೇಕ ತಾಲ್ಲೂಕುಗಳಾಗಿರುವ ತಿಕೋಟಾ, ಬಬಲೇಶ್ವರಗಳ ಆಡುನುಡಿಯನ್ನು ಆಧರಿಸಿ ಈ ಸಂಬಂಧವನ್ನು ಪರಿಶೀಲಿಸುವುದು ಪ್ರಸ್ತುತ ಲೇಖನದ ಉದ್ದೇಶ.

ಮಾತಿನ ಹಂತಗಳು

ಸುಮಾರು ಆರು ತಿಂಗಳಿಗೆ ತೊದಲು ಧ್ವನಿ, ವರ್ಷದ ಹೊತ್ತಿಗೆ ಮೊದಲ ಪದ, ಎರಡರ ಸುಮಾರಿಗೆ ಎರಡು ಪದಗಳ ಜೋಡಣೆ: ಇದು ಸಾಮಾನ್ಯ ಕ್ರಮ. ಇದರಲ್ಲಿ ಮಗುವಿನಿಂದ ಮಗುವಿಗೆ ವ್ಯತ್ಯಾಸವುಂಟು. ರಷ್ಯಾದ ಮನೋವಿಜ್ಞಾನಿ ವೈಗಾಟ್‌ಸ್ಕಿ (1896-1934) ಹೇಳುವಂತೆ, ಮಗು ಹಿರಿಯರ ನೆರವಿನಿಂದ ಇಂದು ಮಾಡುವುದನ್ನು ನಾಳೆ ಸ್ವತಂತ್ರವಾಗಿ ಮಾಡಬಲ್ಲದು. ನಮ್ಮ ಭಾಗದಲ್ಲಿ ಈ ನೆರವು ಅವ್ವನಿಂದಷ್ಟೇ ಬರುವುದಿಲ್ಲ. ಮುತ್ಯಾ, ಆಯಿ, ಕಾಕಾ, ಚಿಗವ್ವ, ಓಣಿಯ ಹಿರಿಯ ಮಕ್ಕಳು ಎಲ್ಲರೂ ಮಗುವನ್ನು ಮಾತಿಗೆಳೆಯುತ್ತಾರೆ. ಹೀಗೆ ಬಂಧುವಾಚಕಗಳು ಮಗುವಿನ ಮೊದಲ ಸಾಮಾಜಿಕ ಪಾಠವಾಗುತ್ತವೆ.

'ರಿ' ಪ್ರತ್ಯಯದ ಪಾಠ

ಈ ಪ್ರದೇಶದ ನುಡಿಯಲ್ಲಿ ಗೌರವಸೂಚಕ 'ರಿ' ವಿಶೇಷ ಗಮನಾರ್ಹ. 'ಬಾ' ಎಂಬುದು 'ಬರ್ರಿ' ಆಗುತ್ತದೆ. ಕ್ರಿಯಾಪದವಲ್ಲದೆಡೆಯೂ 'ಹೌದ್ರಿ', 'ಇಲ್ರಿ', 'ಯಾಕ್ರಿ' ಎಂದು ಅದು ಸೇರುತ್ತದೆ. ಅವ್ವನಿಗೆ 'ನೀ' ಎನ್ನುವ ಮಗು ಶಿಕ್ಷಕರಿಗೆ, ಮನೆಗೆ ಬಂದ ಹಿರಿಯರಿಗೆ 'ರಿ' ಬಳಸಬೇಕಾದರೆ ಎದುರಿಗಿರುವವರು ಯಾರು, ತನಗೂ ಅವರಿಗೂ ಇರುವ ಸಂಬಂಧವೇನು ಎಂಬುದನ್ನು ತಿಳಿದಿರಬೇಕು. ವ್ಯಾಕರಣ ಮತ್ತು ನಡವಳಿಕೆಗಳು ಒಂದೇ ಅಕ್ಷರದಲ್ಲಿ ಕೂಡಿವೆ. ನಗರದ ಓಣಿಗಳಲ್ಲಿ ದಖನಿ ಉರ್ದು, ತಾಂಡಾಗಳಲ್ಲಿ ಲಂಬಾಣಿ, ಮಹಾರಾಷ್ಟ್ರದ ಗಡಿಗೆ ಹತ್ತಿರದ ತಿಕೋಟಾ ಭಾಗದಲ್ಲಿ ಮರಾಠಿ ಕೇಳುವ ಮಕ್ಕಳು ಕೇಳುಗರನ್ನು ನೋಡಿ ಭಾಷೆಯನ್ನೇ ಬದಲಿಸುವುದೂ ಇದೇ ಸಾಮರ್ಥ್ಯದ ವಿಸ್ತರಣೆ.

ಆಟ ಮತ್ತು ನಿಯಮ

ಸ್ವಿಸ್ ಮನೋವಿಜ್ಞಾನಿ ಪಿಯಾಜೆ 1932ರ ತನ್ನ ಕೃತಿಯಲ್ಲಿ ಮಕ್ಕಳ ಗೋಲಿಯಾಟವನ್ನು ಆಧರಿಸಿ ನಿಯಮಪ್ರಜ್ಞೆಯ ಬೆಳವಣಿಗೆಯನ್ನು ವಿವರಿಸಿದ್ದಾನೆ. ಗೋಲಿ, ಚಿನ್ನಿದಾಂಡು, ಕುಂಟಾಟಗಳಲ್ಲಿ ಸರದಿ ಕಾಯುವುದು, ತಕರಾರು ಹೂಡುವುದು, ರಾಜಿಯಾಗುವುದು ಎಲ್ಲವೂ ಮಾತಿನ ಮೂಲಕವೇ ನಡೆಯುತ್ತವೆ. ಸಮವಯಸ್ಕರೊಡನೆ ವಾದಿಸುವಾಗ ಮಗು ಕಾರಣ ಕೊಡುವುದನ್ನು ಕಲಿಯುತ್ತದೆ.

ಮನೆಮಾತು ಮತ್ತು ಪಠ್ಯದ ಮಾತು

ಶಾಲೆಗೆ ಬಂದ ಮಗು 'ಮನಿ', 'ತಲಿ', 'ಸಾಲಿ' ಎನ್ನುತ್ತದೆ. ಪಠ್ಯದಲ್ಲಿ 'ಮನೆ', 'ತಲೆ', 'ಶಾಲೆ' ಇರುತ್ತವೆ. ಪದಾಂತ್ಯದ ಎಕಾರವು ಇಕಾರವಾಗುವುದು ಈ ಉಪಭಾಷೆಯ ಕ್ರಮಬದ್ಧ ನಿಯಮ. 'ಮನಿಯಲ್ಲಿ' ಎನ್ನದೆ 'ಮನ್ಯಾಗ' ಎನ್ನುವ ಮಗು ವಿಭಕ್ತಿಯನ್ನು ಸರಿಯಾಗಿಯೇ ಬಳಸಿದೆ. ಇದನ್ನು ತಪ್ಪೆಂದು ಪದೇ ಪದೇ ತಿದ್ದಿದರೆ ಮಗು ಬರಿಯ ಒಂದು ಪದವನ್ನು ಬಿಡುವುದಿಲ್ಲ, ಮಾತನಾಡುವುದನ್ನೇ ಬಿಡುವ ಅಪಾಯವಿದೆ. ಮಾತು ನಿಂತರೆ ಪ್ರಶ್ನೆ, ಗೆಳೆತನ, ಹಂಚಿಕೆಗಳ ದಾರಿಯೂ ಕಿರಿದಾಗುತ್ತದೆ. 2020ರ ರಾಷ್ಟ್ರೀಯ ಶಿಕ್ಷಣ ನೀತಿಯು ಸಾಧ್ಯವಿರುವೆಡೆ ಕನಿಷ್ಠ ಐದನೆಯ ತರಗತಿಯವರೆಗೆ ಮನೆಮಾತು ಅಥವಾ ಪ್ರಾದೇಶಿಕ ಭಾಷೆಯ ಮಾಧ್ಯಮವನ್ನು ಸೂಚಿಸುತ್ತದೆ. ಆದರೆ ಕನ್ನಡ ಮಾಧ್ಯಮದೊಳಗೇ ಇರುವ ಈ ಅಂತರವನ್ನು ತುಂಬಬೇಕಾದವರು ತರಗತಿಯ ಶಿಕ್ಷಕರು.

ಸಮಾರೋಪ

ಅಂಗನವಾಡಿ ಹಾಗೂ ಒಂದನೆಯ ತರಗತಿಗಳಲ್ಲಿ ಮೊದಲು ಮಗುವಿನ ಮಾತಿಗೆ ಉತ್ತರ ಸಿಗಬೇಕು, ತಿದ್ದುವಿಕೆ ಅನಂತರದ್ದು. 'ಮನ್ಯಾಗ' ಎಂದ ಮಗುವಿಗೆ 'ಮನೆಯಲ್ಲಿ ಯಾರಿದ್ದಾರೆ?' ಎಂದು ಕೇಳಿದರೆ ಶಿಷ್ಟರೂಪ ಕಿವಿಗೆ ಬೀಳುತ್ತದೆ, ಸಂಭಾಷಣೆಯೂ ಮುಂದುವರಿಯುತ್ತದೆ. ಗರತಿಯರ ಹಾಡುಗಳನ್ನು ಸಂಗ್ರಹಿಸಿದ ಹಲಸಂಗಿ ಗೆಳೆಯರು ಈ ಜಿಲ್ಲೆಯ ಆಡುನುಡಿಯ ಸತ್ವವನ್ನು ಕನ್ನಡಕ್ಕೆ ತೋರಿಸಿಕೊಟ್ಟಿದ್ದಾರೆ. ಆ ನುಡಿಗೆ ಸಾಹಿತ್ಯದಲ್ಲಿ ದೊರೆತ ಮನ್ನಣೆ ಮಗುವಿನ ಬಾಯಲ್ಲಿರುವಾಗಲೂ ದೊರೆಯಬೇಕಾದುದು ಅವಶ್ಯ.